ಮನೆಯಂಗಳದ ಆರ್ಕಿಡ್ ಹೂ ಬಿಡುತ್ತಿಲ್ಲವೇ?

ಮಲೆನಾಡಿನವರಿಗೆ ಸೀತಾಳೆ ದಂಡೆಯನ್ನು ಪರಿಚಯಿಸಬೇಕಾಗಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಹಲಸು, ಮಾವಿನ ಕೊಂಬೆಗಳಿಂದ ಗುಲಾಬಿ ಚುಕ್ಕೆಯ ಬಿಳಿ ಹೂವಿನ ದಂಡೆಗಳು ಇಳಿಬಿದ್ದಿರುತ್ತವೆ. ಅದಕ್ಕೆ ಯಾರೂ ನೀರು ಹಾಕಿದವರಿಲ್ಲ, ಗೊಬ್ಬರ ಕೊಟ್ಟವರಿಲ್ಲ. ಅದೇ ಕುಟುಂಬಕ್ಕೆ ಸೇರಿದ ಆರ್ಕಿಡ್ ಗಿಡವನ್ನು ಹಣ ಕೊಟ್ಟು ತಂದು, ದಿನವೂ ನೀರುಣಿಸಿ ಸಾಕಿದರೆ ಬರಿಯ ಎಲೆ ಬರುತ್ತದೆ. ಹೀಗೇಕೆ?

ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟವೊಂದಕ್ಕೆ ಹೋಗಿದ್ದಾಗ ಆ ಮನೆಯ ಗೃಹಿಣಿ ಹನ್ನೆರಡು ಕುಂಡ ಡೆಂಡ್ರೋಬಿಯಂ ತೋರಿಸಿದರು. ಹೂ ಮಾರಿ ನಾಲ್ಕು ಕಾಸು ಕಾಣಬಹುದೆಂದು ತಂದ ಗಿಡಗಳು. "ನಾಲ್ಕು ವರ್ಷ ಸಾಕಿದ್ದಾಯಿತು. ಇನ್ನು ಗೊಬ್ಬರದ ಗುಂಡಿಗೆ ಹಾಕುವುದೊಂದೇ ಬಾಕಿ" ಎಂದರು. ಎಲೆಗಳು ಕಡುಹಸಿರಾಗಿ ಸೊಂಪಾಗಿದ್ದವು. ಕುಂಡಗಳಿದ್ದುದು ಹಲಸಿನ ಮರದ ದಟ್ಟ ನೆರಳಿನಲ್ಲಿ. ವಾರಕ್ಕೊಮ್ಮೆ ಗೋಬರ್ ಅನಿಲ ಸ್ಥಾವರದ ಬಗ್ಗಡ, ಆಗೊಮ್ಮೆ ಈಗೊಮ್ಮೆ ಚಿಟಿಕೆ ಯೂರಿಯಾ. ಗಿಡಕ್ಕೆ ಆರೈಕೆಯ ಕೊರತೆ ಇರಲಿಲ್ಲ, ಆರೈಕೆಯೇ ಹೆಚ್ಚಾಗಿತ್ತು.

ಮರದ ಮೇಲಿನ ಸೀತಾಳೆಯನ್ನು ಮತ್ತೊಮ್ಮೆ ನೋಡಿರಿ. ಅದು ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ, ಆಸರೆಯನ್ನಷ್ಟೇ ಪಡೆಯುತ್ತದೆ. ಎತ್ತರದಲ್ಲಿರುವುದರಿಂದ ಬೆಳಕು ಧಾರಾಳ. ಆಹಾರವೆಂದರೆ ತೊಗಟೆಯ ಮೇಲೆ ಹರಿದುಬರುವ ಮಳೆನೀರಿನಲ್ಲಿ ಕರಗಿದಷ್ಟೇ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಬೇರು ಒಣಗಿಯೇ ಇರುತ್ತದೆ. ಕುಂಡದ ಗಿಡಕ್ಕೆ ನಾವು ಈ ಮೂರನ್ನೂ ತಪ್ಪಿಸಿರುತ್ತೇವೆ.

ಮೊದಲು ಸರಿಪಡಿಸಬೇಕಾದುದು ಬೆಳಕು. ಇದನ್ನು ಅಳೆಯಲು ಉಪಕರಣ ಬೇಡ, ಎಲೆಯ ಬಣ್ಣವೇ ಸಾಕು. ಕಡುಹಸಿರು ಎಲೆ ನೋಡಲು ಚೆಂದ, ಆದರೆ ಅದು ಬೆಳಕು ಸಾಲದೆಂಬುದರ ಗುರುತು. ಹುಲ್ಲಿನಂತೆ ತಿಳಿಹಸಿರಿದ್ದರೆ ಸರಿ. ಹಳದಿಯಾಗಿ ಸುಟ್ಟ ಕಲೆ ಬಿದ್ದರೆ ಬಿಸಿಲು ಹೆಚ್ಚಾಯಿತೆಂದು ತಿಳಿಯಿರಿ. ಡೆಂಡ್ರೋಬಿಯಂಗೆ ಶೇಕಡ 50ರ ನೆರಳು ಪರದೆ, ಇಲ್ಲವೇ ಬೆಳಿಗ್ಗೆ ಹತ್ತು ಗಂಟೆಯವರೆಗೆ ಬಿಸಿಲು ಬೀಳುವ ಪೂರ್ವದ ಸೂರು ಒಳ್ಳೆಯದು. ನೆರಳಿನ ಗಿಡವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊರಗೆ ಸರಿಸಿರಿ.

ಗೊಬ್ಬರದಲ್ಲಿ ಸಾರಜನಕ ಅತಿಯಾದರೆ ಭತ್ತ ಹೇಗೆ ಸೊಕ್ಕುತ್ತದೆಂದು ನಿಮಗೆ ಗೊತ್ತೇ ಇದೆ. ಇಲ್ಲಿಯೂ ಅದೇ. ಹೊಸ ಕಾಂಡ ಬೆಳೆಯುವಾಗ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ ವಾರಕ್ಕೊಮ್ಮೆ, ಬೇರನ್ನು ಮೊದಲು ಒದ್ದೆ ಮಾಡಿ, ಸಿಂಪಡಿಸಿದರೆ ಸಾಕು. ಕಾಂಡ ಬಲಿತ ಮೇಲೆ ಸಾರಜನಕ ಕಡಿಮೆ ಮಾಡಿರಿ. ಯೂರಿಯಾ ಬೇಡವೇ ಬೇಡ.

ಇನ್ನು ನೀರು. ಇಲ್ಲಿ ಎಲ್ಲ ಆರ್ಕಿಡ್‌ಗಳಿಗೂ ಒಂದೇ ಮಾತು ಅನ್ವಯಿಸದು. ಕಾಫಿ ಗಿಡದ ಮೊಗ್ಗು ಒಣಹವೆಯಲ್ಲಿ ಕಾದು, ಹೂಮಳೆ ಬಿದ್ದ ಮೇಲೆ ಅರಳುತ್ತದೆ. ವೆನಿಲಾ ಕೂಡ ಆರ್ಕಿಡ್ ಕುಟುಂಬದ್ದೇ. ಹೂ ಬರಿಸಲು ಅದರ ಕುಡಿ ಚಿವುಟಿ ನೀರು ತಡೆದದ್ದು ಬೆಳೆದವರಿಗೆ ನೆನಪಿರಬಹುದು. ಡೆಂಡ್ರೋಬಿಯಂ ನೊಬಿಲೆ ಎಂಬ ಬಗೆಯದೂ ಇದೇ ಸ್ವಭಾವ. ಚಳಿಗಾಲದಲ್ಲಿ ಅದಕ್ಕೆ ರಾತ್ರಿಯ ಚಳಿಯೂ ಒಣ ಬೇರೂ ಬೇಕು. ನವೆಂಬರ್ ಕೊನೆಯಿಂದ ಗೊಬ್ಬರ ನಿಲ್ಲಿಸಿ, ಕಾಂಡ ತೀರ ಸುಕ್ಕಾಗದಂತೆ ಮಾತ್ರ ಆಗಾಗ ನೀರು ಚಿಮುಕಿಸಿರಿ. ಎಲೆ ಹಳದಿಯಾಗಿ ಉದುರೀತು, ಗಾಬರಿ ಬೇಡ. ಬೋಳಾದ ಕಾಂಡ ಸತ್ತಿತೆಂದು ಕತ್ತರಿಸುವವರು ಬಹಳ ಜನ. ಹೂ ಬರುವುದೇ ಆ ಕಾಂಡದ ಗಿಣ್ಣುಗಳಲ್ಲಿ! ಮೊಗ್ಗು ಸ್ಪಷ್ಟವಾಗಿ ಕಂಡ ಮೇಲೆ ನೀರು ಹೆಚ್ಚಿಸಿರಿ. ಅವಸರಪಟ್ಟು ಮೊದಲೇ ನೀರು ಕೊಟ್ಟರೆ ಹೂವಿನ ಬದಲು ಗಿಣ್ಣಿನಲ್ಲಿ ಮರಿಗಿಡ ಹುಟ್ಟುತ್ತದೆ.

ಫೆಲನಾಪ್ಸಿಸ್ ಹಾಗಲ್ಲ. ನೀರು ಕೂಡಿಡುವ ದಪ್ಪ ಕಾಂಡ ಅದಕ್ಕಿಲ್ಲ, ಒಣಗಿಸಬಾರದು. ಬಿಸಿಲೂ ನೇರವಾಗಿ ಬೀಳಬಾರದು. ಅದಕ್ಕೆ ಬೇಕಾದುದು ಕೆಲವು ವಾರಗಳ ತಂಪು. ಹಗಲೂ ರಾತ್ರಿಯೂ 28 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಎಲೆ ಬಿಡುತ್ತಲೇ ಇರುತ್ತದೆ. ಬೆಂಗಳೂರು, ಚಿಕ್ಕಮಗಳೂರಿನಲ್ಲಿ ಚಳಿಗಾಲವೇ ಈ ಕೆಲಸ ಮಾಡುತ್ತದೆ. ಕರಾವಳಿಯವರು ಇದಕ್ಕೆ ಹಣ ಹಾಕುವ ಮುನ್ನ ಯೋಚಿಸುವುದು ಒಳಿತು. ಹೂ ಬಾಡಿದ ಮೇಲೆ ಹೂದಂಟು ಹಸಿರಾಗಿದ್ದರೆ ಬುಡದಿಂದ ಎರಡು ಮೂರು ಗಿಣ್ಣು ಉಳಿಸಿ ಕತ್ತರಿಸಿರಿ, ಮತ್ತೆ ಕವಲೊಡೆಯುವ ಸಂಭವ ಉಂಟು.

ಕುಂಡಕ್ಕೆ ಮಣ್ಣು ಹಾಕಬಾರದು. ತೆಂಗಿನ ಸಿಪ್ಪೆ ನಮ್ಮ ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ. ಆದ್ದರಿಂದ ಇದ್ದಿಲು, ಇಟ್ಟಿಗೆ ಚೂರು ಹೆಚ್ಚಿರಲಿ. ಬೇರು ಬೂದುಬಿಳುಪಾದರೆ ಒಣಗಿದೆ, ಹಸಿರಾಗಿದ್ದರೆ ಇನ್ನೂ ನೀರಿದೆ ಎಂದರ್ಥ.

ಕಾಡಿನ ಸೀತಾಳೆಯನ್ನು ಕಿತ್ತು ತರುವ ಯೋಚನೆ ಮಾತ್ರ ಬೇಡ. ಅದು ಅರಣ್ಯ ಕಾನೂನಿಗೆ ವಿರುದ್ಧ, ಬೇರು ಹರಿದ ಗಿಡ ಬದುಕುವುದೂ ಅಪರೂಪ. ನಿಮ್ಮದೇ ತೋಟದಲ್ಲಿ ಕೊಂಬೆ ಮುರಿದು ಬಿದ್ದಾಗ ಸಿಕ್ಕಿದ್ದನ್ನು ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿರಿ.

ತೀರ್ಥಹಳ್ಳಿಯ ಆ ಹನ್ನೆರಡರಲ್ಲಿ ಒಂಬತ್ತು ಕುಂಡಗಳು ಸೂರಿನಡಿಗೆ ಬಂದ ಮರುವರ್ಷವೇ ಹೂ ಬಿಟ್ಟವು. ಉಳಿದ ಮೂರು ನೊಬಿಲೆ ಬಗೆಯವು. ಚಳಿಗಾಲದಲ್ಲೂ ಅವುಗಳಿಗೆ ಮರುಗಿ ನೀರು ಹಾಕಿದ್ದರಿಂದ ಮರಿಗಿಡಗಳಷ್ಟೇ ಬಂದಿವೆ. ಈ ಸಲ ಆ ಮೂರು ಕುಂಡಗಳನ್ನು ನೀರಿನ ಕೊಡದಿಂದ ದೂರ, ಕೊಟ್ಟಿಗೆಯ ಹಿಂದೆ ತೂಗುಹಾಕಿಸಿ ಬಂದಿದ್ದೇನೆ.