ಬೆಳಕಿನ ತಟ್ಟೆಯೂ ಹೆಸರಿನ ಸೂಚಿಯೂ



ಗ್ರಂಥಾಲಯವೊಂದರಲ್ಲಿ ಪುಸ್ತಕಗಳೆಲ್ಲ ಕ್ಷೇಮವಾಗಿದ್ದು, ಅವುಗಳ ಹೊದಿಕೆಯ ಮೇಲಿನ ಹೆಸರುಗಳಷ್ಟೇ ಅಳಿಸಿಹೋದುವೆಂದು ಭಾವಿಸೋಣ. ನಷ್ಟವಾದುದು ಅಲ್ಪವೆಂದು ಯಾರಾದರೂ ಹೇಳಬಹುದೆ? ಇಂಥದೊಂದು ಪ್ರಸಂಗ ನನ್ನ ಮನೆಯಲ್ಲಿಯೇ ನಡೆಯಿತು.

ನನ್ನ ತಾಯಿ ಹಾಡುತ್ತಿದ್ದ ಬೀಸುವ ಪದಗಳನ್ನೂ ಸೋಬಾನೆಗಳನ್ನೂ ಅವರ ಕೊನೆಗಾಲದಲ್ಲಿ ಕಂಪ್ಯೂಟರಿಗೆ ಮುದ್ರಿಸಿಕೊಂಡಿದ್ದೆ. ಯಾವ ಪದವನ್ನು ಯಾರಿಂದ, ಯಾವ ಊರಿನಲ್ಲಿ ಕಲಿತರೆಂಬುದನ್ನು ಅವರಿಂದಲೇ ಕೇಳಿ, ಅದನ್ನೇ ಆಯಾ ಕಡತದ ಹೆಸರಾಗಿ ಕನ್ನಡದಲ್ಲಿ ಬರೆದಿದ್ದೆ. ಎಲ್ಲವನ್ನೂ ಒಂದು ಸಿ.ಡಿ. ತಟ್ಟೆಗೆ ಇಳಿಸಿ, ತೆರೆದು ನೋಡದೆಯೇ ಮೂಲವನ್ನು ಅಳಿಸಿಬಿಟ್ಟೆ. ಅವರು ತೀರಿಕೊಂಡ ಮೇಲೊಂದು ದಿನ ತಟ್ಟೆಯನ್ನು ತೆರೆದರೆ ಹಾಡುಗಳೇನೋ ಇದ್ದುವು. ಹೆಸರುಗಳ ಜಾಗದಲ್ಲಿ ಬರಿಯ ಅಡಿಗೆರೆಗಳು, ಕೊನೆಗೊಂದು ಅಂಕೆ. ತಪ್ಪು ತಟ್ಟೆಯದಲ್ಲ, ಕಡತವ್ಯವಸ್ಥೆಯನ್ನು ಆರಿಸುವಲ್ಲಿ ಎಡವಿದವನು ನಾನು.

ಏನಿದು ಕಡತವ್ಯವಸ್ಥೆ? ಸಿ.ಡಿ.ಯ ಮೇಲೆ ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಸುರುಳಿಯುಂಟು. ಮಾಹಿತಿ ಅದರ ಮೇಲೆ 2048 ಬೈಟುಗಳ ತುಂಡುಗಳಾಗಿ ಕುಳಿತಿರುತ್ತದೆ. ಯಾವ ಕಡತ ಎಷ್ಟನೆಯ ತುಂಡಿನಲ್ಲಿ ಆರಂಭವಾಗುತ್ತದೆ, ಅದರ ಉದ್ದವೆಷ್ಟು, ಹೆಸರೇನು ಎಂಬುದನ್ನು ತಿಳಿಸುವ ಸೂಚಿಯ ಕ್ರಮವೇ ಕಡತವ್ಯವಸ್ಥೆ.

ಮೊದಮೊದಲು ಇದಕ್ಕೆ ಎಲ್ಲರೂ ಒಪ್ಪಿದ ಕ್ರಮವಿರಲಿಲ್ಲ. 1985ರಲ್ಲಿ ಅಮೆರಿಕದ ಟಾಹೋ ಸರೋವರದ ಬಳಿ, ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಹಲವು ಸಂಸ್ಥೆಗಳವರು ಸೇರಿ ಚರ್ಚೆಗೆ ತೊಡಗಿದರು. ಆ ಪ್ರಯತ್ನವೇ ಬೆಳೆದು 1988ರಲ್ಲಿ ಐ.ಎಸ್.ಒ. 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಔದಾರ್ಯಕ್ಕೆ ಒಂದು ನಿದರ್ಶನ: ಕೆಲವು ಯಂತ್ರಗಳು ಸಂಖ್ಯೆಯ ದೊಡ್ಡ ಭಾಗವನ್ನು ಮೊದಲು ಓದುತ್ತವೆ, ಕೆಲವು ಚಿಕ್ಕದನ್ನು. ಯಾರಿಗೂ ಅನ್ಯಾಯವಾಗದಿರಲೆಂದು ಕಡತದ ಸ್ಥಾನವನ್ನೂ ಉದ್ದವನ್ನೂ ಎರಡು ಕ್ರಮದಲ್ಲಿಯೂ, ಎರಡು ಬಾರಿ, ಬರೆಯಲಾಗುತ್ತದೆ!

ಆದರೆ ಹೆಸರಿನ ವಿಷಯದಲ್ಲಿ ಅದು ಕೃಪಣ. ಮೊದಲ ಮಟ್ಟದಲ್ಲಿ ಎಂಟು ಅಕ್ಷರ, ಒಂದು ಚುಕ್ಕೆ, ಮತ್ತೆ ಮೂರು ಅಕ್ಷರ. ಅದೂ ಇಂಗ್ಲಿಷಿನ ದೊಡ್ಡಕ್ಷರ, ಅಂಕೆ, ಅಡಿಗೆರೆ ಮಾತ್ರ. ಕನ್ನಡಕ್ಕೆ ಅಲ್ಲಿ ಎಡೆಯಿಲ್ಲ. ನಾನು ಆರಿಸಿದ್ದು ಇದನ್ನೇ.

1995ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 'ಜೋಲಿಯೆಟ್' ಎಂಬ ವಿಸ್ತರಣೆಯನ್ನು ತಂದಿತು. ಹಳೆಯ ಸೂಚಿಯನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಯೂನಿಕೋಡಿನ ಇನ್ನೊಂದು ಸೂಚಿಯನ್ನಿಡುವುದು ಅದರ ಉಪಾಯ. ಹಾಡು ಒಂದೇ, ಸೂಚಿ ಎರಡು. ಯಂತ್ರ ತನಗೆ ತಿಳಿದುದನ್ನು ಓದಿಕೊಳ್ಳುತ್ತದೆ. ಇಲ್ಲಿ ಕನ್ನಡದ ಹೆಸರು ಉಳಿಯುತ್ತದೆ. ಆದರೆ ಮಿತಿ 64 ಸಂಕೇತಗಳು; ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ 'ಶ್ರೀ' ಅಲ್ಲಿ ನಾಲ್ಕು ಸಂಕೇತವಾಗುತ್ತದೆಂಬುದನ್ನು ಮರೆಯಬಾರದು. ಯೂನಿಕ್ಸ್ ಬಳಗದವರಿಗೆ 'ರಾಕ್ ರಿಡ್ಜ್' ಎಂಬ ಬೇರೊಂದು ವಿಸ್ತರಣೆಯುಂಟು.

ಮೂರನೆಯದು ಯು.ಡಿ.ಎಫ್.; ಇದೂ 1995ರಲ್ಲಿಯೇ ಹೊರಬಂದುದು. ಡಿ.ವಿ.ಡಿ., ಬ್ಲೂ-ರೇ ತಟ್ಟೆಗಳ ಚಲನಚಿತ್ರಗಳು ಇದನ್ನೇ ಆಶ್ರಯಿಸಿವೆ. ಹೆಸರು ಇನ್ನೂ ದೀರ್ಘವಾಗಿರಬಹುದು. ನಾಲ್ಕು ಗಿಗಾಬೈಟನ್ನು ಮೀರಿದ ಕಡತಕ್ಕೂ ಇದು ಸಲ್ಲುತ್ತದೆ. ಆದರೆ ತೀರ ಹಳೆಯ ಯಂತ್ರಗಳು ಇದನ್ನು ಅರಿಯವು.

ಹಾಗಾದರೆ ಆಯ್ಕೆ ಹೇಗೆ? ಸಾಮಾನ್ಯ ಬರಹ, ಹಾಡು, ಛಾಯಾಚಿತ್ರಗಳಿಗೆ 9660ರ ಜೊತೆಗೆ ಜೋಲಿಯೆಟ್. ದೊಡ್ಡ ಚಲನಚಿತ್ರಗಳಿಗೆ ಯು.ಡಿ.ಎಫ್. ಹೆಸರಿನಲ್ಲಿರುವುದನ್ನೆಲ್ಲ ಒಂದು ಕಾಗದದ ಮೇಲೂ ಬರೆದು ತಟ್ಟೆಯ ಜೊತೆಗಿಡಿ. ಒಮ್ಮೆ ಮಾತ್ರ ಬರೆಯಬಹುದಾದ ತಟ್ಟೆಯಲ್ಲಿ, ಬರೆದುದನ್ನು ಅಳಿಸಿ ತಿದ್ದಲಾಗದು. ಆದುದರಿಂದ ಇನ್ನೊಂದು ಯಂತ್ರದಲ್ಲಿ ತೆರೆದು ನೋಡುವವರೆಗೆ ಮೂಲವನ್ನು ಅಳಿಸದಿರಿ. ಇಂದು ತಟ್ಟೆಯನ್ನು ಓದುವ ಸೌಕರ್ಯ ಹೊಸ ಕಂಪ್ಯೂಟರುಗಳಲ್ಲಿ ವಿರಳವಾಗುತ್ತಿದೆ. ಕಪಾಟಿನಲ್ಲಿರುವ ಹಳೆಯ ತಟ್ಟೆಗಳನ್ನು ತೆರೆದು ನೋಡಲು ಇದೇ ಸಮಯ.

ನನ್ನ ಅಕ್ಕ ಎರಡು ದಿನ ಕುಳಿತು, ಒಂದೊಂದೇ ಹಾಡನ್ನು ಕೇಳಿ, ನೆನಪಾದಷ್ಟು ಊರು-ಹೆಸರುಗಳನ್ನು ಹೇಳಿದಳು. ಒಂದು ಬೀಸುವ ಪದ ಮಾತ್ರ ಯಾರು ಕಲಿಸಿದ್ದೆಂದು ಅವಳಿಗೂ ತಿಳಿಯಲಿಲ್ಲ. ಅಮ್ಮ ನನಗೆ ಹೇಳಿದ್ದರು. ನಾನು ಬರೆದೂ ಇದ್ದೆ. ಇಂದಿಗೂ ಆ ಪದದ ಹೆಸರು 'ಹನ್ನೊಂದು'.