ಸನ್ನತಿಯ ಪ್ರಾಚೀನ ನೆಲೆಯೂ ಸ್ಥಳೀಯ ಜನತೆಯೂ

ಪ್ರಾಚೀನ ನೆಲೆಯೊಂದರ ಸಂರಕ್ಷಣೆಯು ಬೇಲಿ, ಫಲಕ, ಕಾವಲುಗಾರರಿಂದಲೇ ಸಾಧ್ಯವಾಗುವುದೆ? ಈ ಪ್ರಶ್ನೆಯ ವಿಚಾರಕ್ಕೆ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ತೀರದಲ್ಲಿರುವ ಸನ್ನತಿಯು ಉತ್ತಮ ನಿದರ್ಶನವಾಗಿದೆ. ಈ ನೆಲೆಯನ್ನು 1954ರಲ್ಲಿ ಕಪಟರಾಳ ಕೃಷ್ಣರಾಯರು ವಿದ್ವಾಂಸರ ಗಮನಕ್ಕೆ ತಂದರು.

1986ರಲ್ಲಿ ಇಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಕಾ ಗುಡಿಯ ಮಾಳಿಗೆ ಕುಸಿದು ದೇವಿಯ ಮೂರ್ತಿಯು ಭಗ್ನವಾಯಿತು. ಆಗ ಮೂರ್ತಿಗೆ ಪೀಠವಾಗಿದ್ದ ಶಿಲೆಯ ಎರಡು ಮುಖಗಳಲ್ಲಿಯೂ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂದಿತು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿಗಳಲ್ಲಿರುವ ಇವು 12 ಮತ್ತು 14ನೆಯ ಶಿಲಾಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯನ್ನು ನಿಲ್ಲಿಸಲೆಂದು ಶಿಲೆಯ ನಡುವೆ ಕಂಡಿ ಕೊರೆದುದರಿಂದ ಕೆಲವು ಅಕ್ಷರಗಳು ನಷ್ಟವಾದುವು, ನಿಜ. ಆದರೆ ಪೂಜೆಯ ಪೀಠವಾಗಿದ್ದ ಕಾರಣದಿಂದಲೇ ಉಳಿದ ಭಾಗವು ಬಿಸಿಲು ಮಳೆಗಳಿಗೆ ಸಿಕ್ಕದೆ ನಮ್ಮ ಕಾಲದವರೆಗೂ ಉಳಿದುಬಂದಿತೆಂಬುದನ್ನು ನಾವು ಮರೆಯಲಾಗದು. ಪರಮತಗಳನ್ನು ಗೌರವಿಸಬೇಕೆಂದು ಬೋಧಿಸುವ 12ನೆಯ ಶಾಸನವು ದೇವಿಯ ಪಾದತಲದಲ್ಲಿ ಸುರಕ್ಷಿತವಾಗಿದ್ದುದು ಅರ್ಥಪೂರ್ಣವಾಗಿದೆ.

ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ನಡೆಸಿದ ಉತ್ಖನನದಿಂದ ಮಹಾಸ್ತೂಪವೂ, ಅಶೋಕನ ಹೆಸರನ್ನು ಕೆತ್ತಿರುವ ರಾಜಶಿಲ್ಪವೂ ದೊರೆತುವು. ಶಾಸನಗಳು ಈ ಸ್ತೂಪವನ್ನು ‘ಅಧೋಲೋಕ ಮಹಾಚೈತ್ಯ’ವೆಂದು ಕರೆಯುತ್ತವೆ.

ಇಂತಹ ನೆಲೆಗಳ ಸುತ್ತ ವಾಸಿಸುವವರ ಕಷ್ಟವೂ ಗಣನೆಗೆ ಬರಬೇಕು. 1958ರ ಕಾನೂನಿಗೆ 2010ರಲ್ಲಾದ ತಿದ್ದುಪಡಿಯಂತೆ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರುಗಳವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರುಗಳಲ್ಲಿ ಅನುಮತಿ ಅಗತ್ಯ. ಮನೆಯ ದುರಸ್ತಿಗೂ ಅಪ್ಪಣೆ ಬೇಡಬೇಕಾದ ರೈತನಿಗೆ ಈ ನಿರ್ಬಂಧದ ಕಾರಣವನ್ನು ಯಾರೂ ತಿಳಿಸದಿದ್ದರೆ, ಹೊಲದಲ್ಲಿ ದೊರೆತ ಕೆತ್ತನೆಯ ಕಲ್ಲನ್ನು ಆತನು ಅಧಿಕಾರಿಗಳಿಗೆ ಏಕೆ ತೋರಿಸಿಯಾನು? ಭೂಮಿ ಹೋದೀತೆಂಬ ಭಯದಿಂದ ಮತ್ತೆ ಹೂಳುವುದೇ ಸಹಜ. ಹೀಗೆ ಹೂತ ಕಲ್ಲಿನೊಡನೆ ಇತಿಹಾಸವೂ ಹೂತುಹೋಗುವುದು.

ಆದುದರಿಂದ ನಮಗೆ ಮೂರು ಕಾರ್ಯಗಳು ಅವಶ್ಯವೆಂದು ತೋರುತ್ತವೆ. ಮೊದಲನೆಯದು, ಉತ್ಖನನದ ಫಲಿತಾಂಶವನ್ನು ಊರಿನವರಿಗೆ ಅವರ ಆಡುನುಡಿಯಲ್ಲಿಯೇ ವಿವರಿಸುವುದು. ಎರಡನೆಯದು, ನೆಲೆಯ ಪಾಲನೆ ಮತ್ತು ಮಾರ್ಗದರ್ಶನದ ಉದ್ಯೋಗಗಳಲ್ಲಿ ಅವರಿಗೆ ಆದ್ಯತೆ ನೀಡುವುದು. ಮೂರನೆಯದು, ಚಂದ್ರಲಾಂಬೆಯ ದರ್ಶನಕ್ಕೆ ಬರುವ ಯಾತ್ರಿಕರಿಗೆ ಸ್ತೂಪದ ದಾರಿಯನ್ನೂ ಅದರ ಕಥೆಯನ್ನೂ ತಿಳಿಸುವುದು. ಮೊದಲನೆಯ ಕಾರ್ಯದಲ್ಲಿ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ನೇರವಾಗಿ ನೆರವಾಗಬಲ್ಲರು. ಗ್ರಾಮದ ಹಿರಿಯರಿಂದ ಸ್ಥಳನಾಮಗಳನ್ನೂ ಐತಿಹ್ಯಗಳನ್ನೂ ಸಂಗ್ರಹಿಸುವವರು ತಾವು ಅರಿತುದನ್ನು ಅವರಿಗೆ ಹಿಂದಿರುಗಿಸುವುದು ನ್ಯಾಯವಷ್ಟೆ.