ಗ್ರಂಥಾಲಯಗಳ ಮುಯ್ಯಿ

1999ರ ಕೊನೆ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಸಣ್ಣ ಜಿಲ್ಲೆಯ ಗ್ರಂಥಾಲಯಕ್ಕೆ ಚಿಂತೆ ಹತ್ತಿತ್ತು. ಆಗಿನ ಎಷ್ಟೋ ತಂತ್ರಾಂಶಗಳು ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆದಿಟ್ಟುಕೊಳ್ಳುತ್ತಿದ್ದವು. ಹೊಸ ವರ್ಷ ಹುಟ್ಟಿದರೆ '00' ಎಂಬುದನ್ನು 1900 ಎಂದು ಬಗೆದು ಪುಸ್ತಕ ಹಿಂದಿರುಗಿಸುವ ತಾರೀಖೆಲ್ಲ ತಲೆಕೆಳಗಾದೀತು. ಅಲ್ಲಿನ ಹಳೆಯ ತಂತ್ರಾಂಶಕ್ಕೂ ಇದೇ ಕಾಯಿಲೆ. ಹೊಸದನ್ನು ಕೊಳ್ಳುವುದೂ ದುಬಾರಿಯಾಗಿತ್ತು.

ಅವರು ಕಟಿಪೊ ಕಮ್ಯುನಿಕೇಷನ್ಸ್ ಎಂಬ ಕಂಪನಿಯಿಂದ ತಮಗೆ ಬೇಕಾದ್ದನ್ನೇ ಬರೆಸಿಕೊಂಡರು. ಪರ್ಲ್, ಮೈಎಸ್‌ಕ್ಯೂಎಲ್‌ನಂಥ ಪುಕ್ಕಟೆ ಸಾಮಗ್ರಿಯಿಂದಲೇ ಕಟ್ಟಿದ ಆ ತಂತ್ರಾಂಶ 2000ದ ಜನವರಿಯಲ್ಲಿ ಕೆಲಸ ಶುರು ಮಾಡಿತು. ಅದೇ ವರ್ಷ ಅದನ್ನು ಯಾರು ಬೇಕಾದರೂ ಬಳಸಿ, ತಿದ್ದಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಇಟ್ಟ ಹೆಸರು 'ಕೋಹಾ'. ಮಾವೊರಿ ಭಾಷೆಯಲ್ಲಿ ಹಾಗೆಂದರೆ ಉಡುಗೊರೆ. ಪಡೆದವರು ಮುಂದೊಮ್ಮೆ ಹಿಂದಿರುಗಿಸಬೇಕಾದ ಉಡುಗೊರೆ. ನಮ್ಮ ಮದುವೆಮನೆಯ ಮುಯ್ಯಿ ಇದ್ದ ಹಾಗೆ.

ಇಂದು ಕರ್ನಾಟಕದ ಅನೇಕ ಕಾಲೇಜು ಗ್ರಂಥಾಲಯಗಳಲ್ಲೂ ಕೋಹಾ ಇದೆ. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಪುಸ್ತಕಗಳಿಗೆ ಅಂಟಿಸುವ ಬಾರ್‌ಕೋಡ್ ಚೀಟಿಗಳನ್ನು ಸಾಮಾನ್ಯ ಪ್ರಿಂಟರಿನಲ್ಲೇ ಮುದ್ರಿಸಬಹುದು. ಸ್ಕ್ಯಾನರ್ ಕಂಪ್ಯೂಟರಿನ ಪಾಲಿಗೆ ಇನ್ನೊಂದು ಕೀಬೋರ್ಡ್ ಅಷ್ಟೇ: ಕಪ್ಪು ಬಿಳಿ ಗೆರೆಗಳ ದಪ್ಪ ನೋಡಿ ಅಂಕಿಗಳನ್ನು ಗುರುತಿಸಿ, ಬೆರಳಿಲ್ಲದೆ 'ಟೈಪ್' ಮಾಡಿ, ಎಂಟರ್ ಒತ್ತುತ್ತದೆ. ಸ್ಕ್ಯಾನರ್ ಕೆಟ್ಟ ದಿನ ಅದೇ ಅಂಕಿಗಳನ್ನು ಕೈಯಲ್ಲಿ ಒತ್ತಿದರೂ ಕೆಲಸ ನಡೆಯುತ್ತದೆ.

ತಂತ್ರಾಂಶ ಪುಕ್ಕಟೆಯಾದರೂ ದುಡಿಮೆ ಪುಕ್ಕಟೆಯಲ್ಲ. ಸರ್ವರ್ ನೋಡಿಕೊಳ್ಳಬೇಕು, ಬ್ಯಾಕಪ್ ತೆಗೆಯಬೇಕು. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಸಾವಿರಾರು ಪುಸ್ತಕಗಳ ವಿವರ ತುಂಬುವುದು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ರೂಪುಗೊಂಡ 'ಮಾರ್ಕ್' ಎಂಬ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಪ್ರತಿ ವಿವರಕ್ಕೂ ಗೊತ್ತಾದ ಮನೆಸಂಖ್ಯೆಯಿದೆ: ಲೇಖಕರು 100ರಲ್ಲಿ, ಶೀರ್ಷಿಕೆ 245ರಲ್ಲಿ. ಎಲ್ಲರೂ ಇದೇ ಕ್ರಮ ಪಾಲಿಸುವುದರಿಂದ, ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್ ಕೊಟ್ಟರೆ ಇನ್ನೊಂದು ಗ್ರಂಥಾಲಯ ತುಂಬಿಟ್ಟ ವಿವರ ಕ್ಷಣದಲ್ಲಿ ನಮ್ಮ ಪರದೆಗೆ ಬರುತ್ತದೆ.

ಆದರೆ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ 1967ರ ಮೊದಲ ಮುದ್ರಣ ಕೈಗೆ ಬಂದರೆ? ಐಎಸ್‌ಬಿಎನ್ ಬರುವುದಕ್ಕೂ ಮೊದಲಿನ ಪುಸ್ತಕವದು. ಯಾರಾದರೂ ಕುಳಿತು 100ರಲ್ಲಿ ಕುವೆಂಪು ಎಂದು, 245ರಲ್ಲಿ ಕಾದಂಬರಿಯ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ತಪ್ಪಿಲ್ಲದೆ ತುಂಬಬೇಕು. ಒಬ್ಬರು ತುಂಬಿ, ಕ್ಯಾಟಲಾಗನ್ನು ಹೊರಗಿನವರಿಗೂ ತೆರೆದಿಟ್ಟರೆ ಉಳಿದ ಊರುಗಳವರಿಗೆ ಆ ಕೆಲಸ ತಪ್ಪುತ್ತದೆ. ಹೊರೊಫೆನುವಾದವರು ಓದಿಸಿದ ಮುಯ್ಯಿಯನ್ನು ನಾವು ತೀರಿಸುವ ದಾರಿಯೂ ಇದೇ.